ಪೇಢೆ ಬೇಕು, ಹಾಡು ಬೇಡವೇ?

ಬೇಸಿಗೆಯ ರಜೆ ಮುಗಿಸಿ ಮುಂಬಯಿಗೆ ಮರಳುವ ನಮ್ಮವರ ಚೀಲ ಬಿಚ್ಚಿ ನೋಡಿದರೆ ಏನು ಕಂಡೀತು? ಎರಡು ಕಿಲೋ ಧಾರವಾಡ ಪೇಢೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಇಳಕಲ್ಲ ಸೀರೆ. ತಪ್ಪೇನಿಲ್ಲ, ತರಬೇಕಾದದ್ದೇ. ಆದರೆ ಹೋಗುವಾಗ ಏನು ಒಯ್ದಿದ್ದಿರಿ ಎಂದು ಯಾರೂ ಕೇಳುವುದಿಲ್ಲ. ಧಾರವಾಡದಂಥ ಊರಿಗೆ ಕಿವಿ ಖಾಲಿ ಇಟ್ಟುಕೊಂಡು ಹೋಗಿ ಕೈ ತುಂಬಿಸಿಕೊಂಡು ಬರುವ ಈ ರೂಢಿಯ ಮೇಲೆಯೇ ನನ್ನ ತಕರಾರು.

ನವೆಂಬರ್ ಬಂತೆಂದರೆ ನಮ್ಮ ವೇದಿಕೆಗಳಲ್ಲಿ ಒಂದು ಭಾಷಣ ತಪ್ಪುವುದಿಲ್ಲ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವ, ಬಸವರಾಜ ರಾಜಗುರು ಎಂದು ಐದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆಮೇಲೆ ಪರದೆ ಸರಿದು ಸಿನಿಮಾ ಹಾಡಿನ ಆರ್ಕೆಸ್ಟ್ರಾ ಶುರು. ಇಂಥದೇ ಒಂದು ಸಭೆ ಮುಗಿದ ಮೇಲೆ ಶಾಲೆಯ ಹುಡುಗನೊಬ್ಬ ಭಾಷಣ ಮಾಡಿದವರ ಬಳಿ ಬಂದು, “ಅಂಕಲ್, ಈ ಐದು ಜನರಲ್ಲಿ ಮೊದಲು ಯಾರದು ಕೇಳಲಿ?” ಎಂದ. “ಎಲ್ಲರೂ ದೊಡ್ಡವರೇ ಮರಿ,” ಎಂಬ ಉತ್ತರ ಬಂತು. ಪಕ್ಕದಲ್ಲಿದ್ದ ನನಗೂ ಥಟ್ಟನೆ ಏನೂ ಹೊಳೆಯಲಿಲ್ಲ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

“ಶಾಸ್ತ್ರೀಯ ಸಂಗೀತ ನಮಗೆಲ್ಲಿ ತಿಳಿಯುತ್ತದೆ?” ಎನ್ನುವವರಿದ್ದಾರೆ. ಪೇಢೆ ತಿನ್ನುವ ಮೊದಲು ಹಾಲನ್ನು ಎಷ್ಟು ಹೊತ್ತು ಕಾಯಿಸಿದರು ಎಂದು ಯಾರಾದರೂ ವಿಚಾರಿಸುತ್ತೇವೆಯೇ? ರುಚಿ ಮೊದಲು, ಶಾಸ್ತ್ರ ಆಮೇಲೆ. ರಾಗದ ಹೆಸರು ತಿಳಿಯದಿದ್ದರೂ ಕೇಳಲು ಅಡ್ಡಿಯಿಲ್ಲ. ಹತ್ತು ಸಲ ಕೇಳಿದರೆ ಹೆಸರು ತಾನಾಗಿಯೇ ನೆನಪಿನಲ್ಲಿ ಕೂಡುತ್ತದೆ.

“ಅದು ಹಿಂದುಸ್ತಾನಿ, ಕನ್ನಡದ್ದೆಲ್ಲಿ ಬಂತು?” ಎನ್ನುವವರೂ ಇದ್ದಾರೆ. ಇವರಿಗೆ ಸ್ವಲ್ಪ ಗಟ್ಟಿಯಾಗಿಯೇ ಉತ್ತರ ಹೇಳಬೇಕು. ಧಾರವಾಡ ಪೇಢೆ ಮಾಡಲು ತೊಡಗಿದವರು ಉತ್ತರ ಪ್ರದೇಶದ ಉನ್ನಾವಿನಿಂದ ವಲಸೆ ಬಂದ ಮನೆತನದವರು. ಅದನ್ನು ನಮ್ಮದೆಂದು ಹೇಳಿಕೊಳ್ಳುವಾಗ ನಾಲಿಗೆ ತಡವರಿಸುವುದಿಲ್ಲ. ಸಂಗೀತದ ಕಥೆಯೂ ಹಾಗೆಯೇ. ಅದೇ ಸೀಮೆಯ ಕೈರಾಣಾದಲ್ಲಿ ಹುಟ್ಟಿದ ಅಬ್ದುಲ್ ಕರೀಮ್ ಖಾನರು ಮಿರಜಿನಲ್ಲಿ ನೆಲೆಸಿದರು. ಅವರ ಶಿಷ್ಯರಾದವರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಅವರಿಂದ ಆ ವಿದ್ಯೆ ಗಂಗೂಬಾಯಿಯವರಿಗೂ ಭೀಮಸೇನರಿಗೂ ಬಂತು. ಅತ್ರೌಲಿ ಮನೆತನದ ಅಲ್ಲಾದಿಯಾ ಖಾನರು ಕೊಲ್ಹಾಪುರದ ಆಸ್ಥಾನದಲ್ಲಿದ್ದರು. ಅವರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಿಂದ ಮನಸೂರರು ಕಲಿತರು. ವಲಸೆ ಬಂದ ವಿದ್ಯೆ ಕನ್ನಡ ನೆಲದಲ್ಲಿ ಬೇರು ಬಿಟ್ಟು ಅಲ್ಲಿಯದೇ ಆಯಿತು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದು ಪರಸ್ಥಳದಲ್ಲಿ ಬೇರು ಬಿಟ್ಟ ನಾವೇ ಇದನ್ನು ಅರಿಯದಿದ್ದರೆ ಇನ್ನಾರು ಅರಿಯಬೇಕು?

ಇನ್ನೊಂದು ಮಾತು. ಭೀಮಸೇನರು ಮರಾಠಿಗರೋ ಕನ್ನಡಿಗರೋ ಎಂದು ನೆರೆಮನೆಯವರೊಡನೆ ನಾವು ವಾದಕ್ಕಿಳಿಯುತ್ತೇವೆ. 1922ರಲ್ಲಿ ರೋಣದಲ್ಲಿ ಹುಟ್ಟಿದವರು, ಪುಣೆಯಲ್ಲಿ ಬಾಳಿದವರು, ಅಭಂಗವನ್ನೂ ದಾಸರ ಪದವನ್ನೂ ಸಮನಾಗಿ ಹಾಡಿದವರು. ನೆರೆಮನೆಯವರು ಅಭಂಗ ಕೇಳಿ ವಾದಕ್ಕೆ ಬರುತ್ತಾರೆ. ನಾವು ದಾಸವಾಣಿ ಕೇಳದೆಯೇ ಬರುತ್ತೇವೆ. ಕೇಳದವನಿಗೆ ವಾದದಲ್ಲೇನು ಪಾಲು?

ನಮ್ಮ ಮಕ್ಕಳು ಬೆಳೆಯುತ್ತಿರುವ ಈ ಮುಂಬಯಿಯೇ ಆ ಸಂಗೀತದ ಅರ್ಧ ಪಾಠಶಾಲೆ. 1956ರವರೆಗೆ ಧಾರವಾಡ, ಬೆಳಗಾವಿಗಳು ಮುಂಬಯಿ ಆಡಳಿತಕ್ಕೇ ಸೇರಿದ್ದವು. ಮನಸೂರರು ಮಂಜಿ ಖಾನರಲ್ಲಿ ಕಲಿತದ್ದು ಇಲ್ಲಿ. ಬೆಳಗಾವಿ ಕಡೆಯ ಸುಳೇಭಾವಿಯ ಬಾಲಕ ಶಿವಪುತ್ರ, ಅಂದರೆ ಕುಮಾರ ಗಂಧರ್ವರು, ಬಿ. ಆರ್. ದೇವಧರರ ಶಾಲೆಯಲ್ಲಿ ಕಲಿತದ್ದೂ ಇಲ್ಲಿಯೇ. ಹೀಗಿರುವಾಗ ನಮ್ಮ ಮಕ್ಕಳಿಗೆ ಅದು ದೂರದ ಸಂಗತಿಯಾಗಿದ್ದರೆ, ದೂರ ಮಾಡಿದವರು ನಾವೇ.

ಇನ್ನು ಆ ಹುಡುಗನಿಗೆ, ತಡವಾಗಿಯಾದರೂ, ಉತ್ತರ. ಮೊದಲು ಗಂಗೂಬಾಯಿಯವರ ಹಳೆಯ ಗ್ರಾಮಾಫೋನ್ ಮುದ್ರಿಕೆ ಕೇಳು. ಮೂರೇ ಮೂರು ನಿಮಿಷ. ತೆಳುವಾದ, ಎತ್ತರದ ಹೆಣ್ಣುದನಿ. ಆಮೇಲೆ ಅವರ ನಂತರದ ವರ್ಷಗಳ ಗಾಯನ ಕೇಳು. ಗಂಟಲಿನ ಬೇನೆಯ ನಂತರ ಗಡುಸಾದ, ಗಂಭೀರವಾದ ದನಿ. ಇಬ್ಬರೂ ಒಬ್ಬರೇ ಎಂದು ನಂಬುವುದು ಕಷ್ಟ. ಎರಡನೆಯ ವಾರ ಮನಸೂರರು ಹಾಡಿದ ವಚನಗಳು. ಮಾತು ಕನ್ನಡ, ದಾರಿ ಸಲೀಸು. ಅಲ್ಲಿಂದ ಅವರ ಖ್ಯಾಲಿಗೆ ದಾಟು. ಮೂರನೆಯ ವಾರ ಭೀಮಸೇನರ ದಾಸವಾಣಿ, ಸಂಜೆಯ ಹೊತ್ತಿಗೆ ಅವರ ಪೂರಿಯಾ ಧನಾಶ್ರೀ. ನಾಲ್ಕನೆಯ ವಾರ ಗದುಗಿನ ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು, ಮತ್ತು ಕ್ಷಯರೋಗದಿಂದ ವರ್ಷಗಟ್ಟಲೆ ಹಾಡದೆ ಮಲಗಿ ಎದ್ದ ಕುಮಾರ ಗಂಧರ್ವರ ಕಬೀರ ಭಜನೆ. ಇವೆಲ್ಲ ಈಗ ಅಂಗೈಯ ಫೋನಿನಲ್ಲೇ ಸಿಗುತ್ತವೆ. ಖರ್ಚಿನ ನೆವ ಹೇಳುವಂತಿಲ್ಲ. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಮನೆಮಂದಿಯೆಲ್ಲ ಸುಮ್ಮನೆ ಕುಳಿತರೆ ಸಾಕು.

ಆಮೇಲೆ ದಾದರಿನಲ್ಲಿ ರಾತ್ರಿ ಗಾಡಿ ಹತ್ತಿ. ಮನಸೂರರ ಮನೆ ‘ಮೃತ್ಯುಂಜಯ’ದ ಮುಂದೆ ನಿಂತಾಗ ಮಕ್ಕಳು “ಇಲ್ಲೇನಿದೆ ನೋಡಲಿಕ್ಕೆ?” ಎಂದು ಮುಖ ಸಿಂಡರಿಸುವುದಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗುವ ದಾರಿ, ಗಂಗೂಬಾಯಿಯವರು ಪಾಠಕ್ಕಾಗಿ ರೈಲಿನಲ್ಲಿ ಓಡಾಡಿದ ದಾರಿ ಎಂದು ಅವರಿಗೆ ತಾವಾಗಿಯೇ ನೆನಪಾಗುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸ್ವರ ಹಚ್ಚುವುದನ್ನು ಕೇಳಿದಾಗ ಅದು ಬರಿಯ ಪ್ರವಾಸದ ನೋಟವಾಗಿ ಉಳಿಯುವುದಿಲ್ಲ.

ಕೇಳಿ ಹೋದರೆ ಇನ್ನೊಂದು ಲಾಭವಿದೆ: ಅಭಿಮಾನ ಕುರುಡಾಗುವುದಿಲ್ಲ. ಅದೇ ಧಾರವಾಡದ ಶುಕ್ರವಾರಪೇಟೆಯಲ್ಲಿ ಬಾಲಕಿ ಗಂಗೂಬಾಯಿಯನ್ನು ‘ಗಾನೇವಾಲಿ’ ಎಂದು ಬೀದಿಯಲ್ಲಿ ಹೀಯಾಳಿಸಿದವರಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಮುಂದೆ ಹಾಡಿದ ಆ ಹುಡುಗಿಗೆ, ಊಟದ ಹೊತ್ತಿಗೆ ಜಾತಿಯ ಕಾರಣದಿಂದ ತನ್ನನ್ನು ಬೇರೆ ಕೂಡಿಸುತ್ತಾರೇನೋ ಎಂಬ ಅಂಜಿಕೆಯಿತ್ತು. ಆ ದನಿಯನ್ನು ಕೇಳಿದ ಮಗುವಿಗೆ ಈ ಮಾತು ಮನಸ್ಸಿಗೆ ನಾಟುತ್ತದೆ. ಬರಿಯ ಹೆಸರನ್ನಷ್ಟೇ ಕೇಳಿದ ಮಗುವಿಗೆ ನಾಟುವುದಿಲ್ಲ.

ಕೊನೆಯದಾಗಿ ನಮ್ಮ ಕಾರ್ಯಕಾರಿ ಸಮಿತಿಗಳಿಗೆ ಒಂದು ವಿನಂತಿ, ಬೇಕಾದರೆ ಜಗಳವೆಂದೇ ತಿಳಿಯಿರಿ. ಬರುವ ನವೆಂಬರಿನಲ್ಲಿ ಆ ಐದು ಹೆಸರು ಹೇಳುವವರು ಅದಕ್ಕೆ ಮೊದಲು ಐವರಲ್ಲಿ ಒಬ್ಬರ ಹಾಡನ್ನಾದರೂ ಸಭೆಗೆ ಹತ್ತು ನಿಮಿಷ ಕೇಳಿಸಲಿ, ತಾವೂ ಎದುರಿಗೆ ಕುಳಿತು ಕೇಳಲಿ. ಅದಾಗದಿದ್ದರೆ ಹೆಸರು ಹೇಳುವುದನ್ನು ಬಿಟ್ಟು ಪೇಢೆ ಹಂಚಲಿ. ಅಷ್ಟಾದರೂ ಪ್ರಾಮಾಣಿಕವಾಗಿರುತ್ತದೆ.