ಚೆಂಡುಹೂವಿನ ದಾರಿಯಲ್ಲಿ ಬರುವ ಹಿರಿಯರು
ಮೆಕ್ಸಿಕೊ ನಗರದ ಅಂಚಿನ ಸಾನ್ ಆಂದ್ರೆಸ್ ಮಿಸ್ಕಿಕ್ ಎಂಬ ಊರಿಗೆ ನವೆಂಬರ್ ಮೊದಲೆರಡು ದಿನ ತೀರಿಹೋದವರೇ ನೆಂಟರು. 1ರಂದು ಮಕ್ಕಳು ಬರುತ್ತಾರೆ, 2ರಂದು ದೊಡ್ಡವರು ಎಂಬ ನಂಬಿಕೆ. ಅವರಿಗೆ ದಾರಿ ತಪ್ಪದಿರಲೆಂದು ಬೀದಿಯಿಂದ ಮನೆಯೊಳಗಿನ ಪೀಠದವರೆಗೆ ಚೆಂಡುಹೂವಿನ ಎಸಳು ಚೆಲ್ಲುತ್ತಾರೆ. (ನಮ್ಮ ದಸರೆಯ ಬಾಗಿಲಿಗೆ ಮಾಲೆಯಾಗುವ ಈ ಹೂವಿನ ತವರು ಮೆಕ್ಸಿಕೊವೇ.) ಪೀಠದ ಮೇಲೆ ಫೋಟೊ, ಉಪ್ಪು, ಎಲುಬಿನ ಆಕಾರ ಮೂಡಿಸಿದ ಸಿಹಿ ಬ್ರೆಡ್ಡು, ಹೋದವರು ಇಷ್ಟಪಟ್ಟು ತಿನ್ನುತ್ತಿದ್ದ ಅಡುಗೆ, ಜತೆಗೊಂದು ಲೋಟ ನೀರು. ಅಷ್ಟು ದೂರ ನಡೆದು ಬಂದವರಿಗೆ ಬಾಯಾರಿಕೆ ಆಗದಿರುತ್ತದೆಯೆ? 2ರ ಸಂಜೆ ಊರಿಗೆ ಊರೇ ಇಗರ್ಜಿ ಪಕ್ಕದ ಸ್ಮಶಾನಕ್ಕೆ ಬಂದು, ಸಮಾಧಿಗಳಿಗೆ ಹೂ ಮುಡಿಸಿ, ಮೇಣದಬತ್ತಿ ಹಚ್ಚಿ, ಕೋಪಲ್ ಧೂಪ ಹಾಕಿ ಕೂರುತ್ತದೆ. ಇದೇ ಹಬ್ಬಕ್ಕೆಂದು ರಾಜಧಾನಿಯ ನಡುಬೀದಿಯಲ್ಲಿ ಸಾಗುವ, ಟಿವಿಗಳು ತೋರಿಸುವ ಭಾರಿ ಮೆರವಣಿಗೆ ಹಳೆಯದೇನಲ್ಲ. 2015ರ ಬಾಂಡ್ ಚಿತ್ರ ‘ಸ್ಪೆಕ್ಟರ್’ಗಾಗಿ ಕಲ್ಪಿಸಿದ ದೃಶ್ಯವೇ ಅದಕ್ಕೆ ಪ್ರೇರಣೆ, ಮರುವರ್ಷ ಅದು ನಿಜವಾಗಿಯೇ ಬೀದಿಗಿಳಿಯಿತು. ಅಲ್ಲಿನ ಬಣ್ಣ, ಕುಣಿತ ಕಣ್ಣಿಗೆ ಹಬ್ಬವೇ ಸರಿ, ಬೇಡವೆನ್ನಲಾರೆ. ಆದರೆ ಹೆಸರು ಹಿಡಿದು ಕರೆಯಲು ಅಲ್ಲಿ ಯಾರ ಅಜ್ಜಿಯೂ ಇಲ್ಲ. ಯುನೆಸ್ಕೊ 2008ರಲ್ಲೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು ಮನೆ, ಸ್ಮಶಾನಗಳ ಈ ಹಳೆಯ ಆಚರಣೆಯನ್ನು. ಆಗಿನ್ನೂ ಆ ಮೆರವಣಿಗೆ ಹುಟ್ಟಿಯೇ ಇರಲಿಲ್ಲ.