ಗೋಧೂಳಿಯ ಹೊತ್ತಿಗೆ ಬಣ್ಣದ ಬಾಂಬ್ ಬೇಕೇ?

ಮೇಯಲು ಹೋದ ದನ ಊರಿಗೆ ಮರಳುವ ಹೊತ್ತು. ಗೊರಸಿನಿಂದ ಎದ್ದ ಧೂಳು, ಅದರ ಹಿಂದೆ ಇಳಿಬಿಸಿಲು. ಆ ಧೂಳು ಹೊನ್ನಿನ ಬಣ್ಣಕ್ಕೆ ತಿರುಗುವ ಗಳಿಗೆಗೆ ಹಿರಿಯರು ಗೋಧೂಳಿ ಎಂದು ಹೆಸರಿಟ್ಟರು. ಬೇರೆ ಮುಹೂರ್ತ ಕೂಡಿಬರದಿದ್ದರೆ ಗೋಧೂಳಿ ಲಗ್ನದಲ್ಲಿ ಧಾರೆ ಎರೆಯುವ ರೂಢಿ ಇಂದಿಗೂ ಉಂಟು. ಕ್ಯಾಮೆರಾ ಹುಟ್ಟುವ ಎಷ್ಟೋ ಮೊದಲೇ ಈ ನಾಡಿನ ಜನ ಸಂಜೆಬೆಳಕು ಮತ್ತು ಗಾಳಿಯಲ್ಲಿ ತೇಲುವ ಕಣ ಸೇರಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದರು.

ಇಂದಿನ ಮದುವೆಗಳಲ್ಲಿ ಅದೇ ಹೊತ್ತಿಗೆ ಬೇರೆಯೇ ದೃಶ್ಯ. ವರನ ಕೈಯಲ್ಲೊಂದು ರಟ್ಟಿನ ಕೊಳವೆ, ವಧುವಿನ ಕೈಯಲ್ಲಿ ಇನ್ನೊಂದು. ಬತ್ತಿ ಹೊತ್ತಿಸಿದೊಡನೆ ಗುಲಾಬಿ, ನೀಲಿ, ಹಳದಿ ಹೊಗೆ ಭುಸ್ಸೆಂದು ಏಳುತ್ತದೆ. ಫೋಟೊಗ್ರಾಫರ್ ‘ಓಡಿ, ಓಡಿ, ಇತ್ತ ನೋಡಿ ನಗಿ’ ಎನ್ನುತ್ತಾನೆ. ಒಂದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಮೊಬೈಲಿನ ರೀಲ್ಸ್‌ನಲ್ಲಿ ಇದು ಚೆನ್ನಾಗಿಯೇ ಕಾಣುತ್ತದೆ. ಬದುಕಿನ ಅಪರೂಪದ ದಿನದಲ್ಲಿ ಸಿನಿಮಾದವರಂತೆ ಕಾಣಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಆಸೆ ತೀರಲು ಏನನ್ನು, ಎಲ್ಲಿ, ಯಾರ ಮೈಯ ಪಕ್ಕದಲ್ಲಿ ಸುಡುತ್ತಿದ್ದೇವೆ ಎಂದು ಕೇಳುವ ಕಾಲ ಬಂದಿದೆ.

2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಮದುವೆಯೊಂದರ ವಿಡಿಯೊ ದೇಶವಿಡೀ ಹರಿದಾಡಿತು. ಕೆನಡಾದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಜೋಡಿ ಇಲ್ಲಿಗೆ ಬಂದು ಮದುವೆಯಾಗಿತ್ತು. ಫೋಟೊಗಾಗಿ ವರ ವಧುವನ್ನು ಎತ್ತಿಕೊಂಡಾಗ ಹಿನ್ನೆಲೆಯಲ್ಲಿ ಸಿಡಿಯಬೇಕಿದ್ದ ಬಣ್ಣದ ಬಾಂಬ್ ನೇರವಾಗಿ ಅವರತ್ತಲೇ ಹಾರಿತು. ವಧುವಿನ ಬೆನ್ನು ಸುಟ್ಟಿತು, ಕೂದಲೂ ಸುಟ್ಟಿತು. ಇನ್ನೊಬ್ಬರಿಗೆ ಹೀಗಾಗದಿರಲಿ ಎಂದು ಆ ದಂಪತಿಯೇ ವಿಡಿಯೊ ಹಂಚಿಕೊಂಡರು.

ಬಣ್ಣದ ಹೊಗೆ ಎಂದರೆ ಹೋಳಿಯ ಪುಡಿಯ ಹಾಗೆ ಮೃದುವಾದದ್ದು ಎಂಬ ಭಾವನೆ ಹಲವರಲ್ಲಿದೆ. ನಿಜವಾಗಿ ಅದೂ ಸಿಡಿಮದ್ದಿನ ಬಳಗದ್ದೇ. ಕೊಳವೆಯೊಳಗೆ ಇರುವುದು ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೇಟ್, ಸಕ್ಕರೆಯ ಜಾತಿಯ ಇಂಧನ, ಉರಿ ತಗ್ಗಿಸಲು ಅಡುಗೆ ಸೋಡಾ, ಜೊತೆಗೆ ಕೃತಕ ಬಣ್ಣ. ಸಕ್ಕರೆ ಉರಿದ ಶಾಖಕ್ಕೆ ಬಣ್ಣ ಆವಿಯಾಗಿ ಹೊರನುಗ್ಗುತ್ತದೆ. ಗಾಳಿ ತಾಗಿದೊಡನೆ ತಣಿದು ಅತಿ ಸಣ್ಣ ಕಣಗಳಾಗುತ್ತದೆ. ಕಣ್ಣಿಗೆ ಮೋಡದಂತೆ ಕಾಣುವುದು ಈ ಬಣ್ಣದ ಕಣಗಳ ರಾಶಿ. ಸೈನಿಕರು ಹೆಲಿಕಾಪ್ಟರಿಗೆ ಸನ್ನೆ ಕೊಡಲು ಬಳಸುವ ಹೊಗೆ ಗ್ರೆನೇಡಿನ ತತ್ವವೂ ಇದೇ. ಅಮೆರಿಕದ ಸೇನೆ ತನ್ನ ಹಳದಿ, ಹಸಿರು ಹೊಗೆಯ ಹಳೆಯ ಬಣ್ಣಗಳನ್ನು ಆರೋಗ್ಯಕ್ಕೆ ಹಾನಿ ಎಂಬ ಕಾರಣಕ್ಕೆ ಬದಲಾಯಿಸಬೇಕಾಯಿತು.

ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗಳಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರ್ಕಾರ ನಿಷೇಧಿಸಿದಾಗ ರೋಡಮೈನ್-ಬಿ ಎಂಬ ಹೆಸರು ಮನೆಮಾತಾಯಿತು. ಪಟಾಕಿ ತಯಾರಿಕೆಯ ಪುಸ್ತಕಗಳಲ್ಲಿ ಕೆಂಪು, ಗುಲಾಬಿ ಹೊಗೆಯ ಸಾಮಗ್ರಿಯಾಗಿ ಕಾಣಿಸಿಕೊಳ್ಳುವ ಬಣ್ಣಗಳಲ್ಲಿ ಅದೂ ಒಂದು. ಮಗುವಿನ ಮಿಠಾಯಿಯಲ್ಲಿ ಬೇಡವೆಂದ ಬಣ್ಣವನ್ನು ಮದುವೆಮನೆಯಲ್ಲಿ ಆವಿ ಮಾಡಿ ಉಸಿರಾಡುವುದು ಯಾವ ಲೆಕ್ಕ? ಹೊಗೆಯ ಪಕ್ಕದಲ್ಲಿ ಜೋಡಿ ಮಾತ್ರ ಇರುವುದಿಲ್ಲ. ಹೂವಿನ ಬುಟ್ಟಿ ಹಿಡಿದ ಮಕ್ಕಳಿರುತ್ತಾರೆ, ಕುರ್ಚಿ ಹಾಕಿಸಿಕೊಂಡು ಕೂತ ಉಬ್ಬಸದ ಅಜ್ಜಿ ಇರುತ್ತಾರೆ. ಮೈಸೂರು ರೇಷ್ಮೆ ಸೀರೆಗೂ ಇದು ಒಳ್ಳೆಯದಲ್ಲ. ರೇಷ್ಮೆ ಬಣ್ಣವನ್ನು ಬೇಗ ಹೀರುವ ನೂಲು. ಸೆರಗಿಗೆ ಹತ್ತಿದ ನೀಲಿಯನ್ನು ಡ್ರೈಕ್ಲೀನಿಂಗ್‌ನವರೂ ಪೂರ್ತಿ ತೆಗೆದಾರೆಂಬ ಭರವಸೆ ಇಲ್ಲ.

ಇನ್ನು ಬೆಂಕಿಯ ಮಾತು. 2020ರ ಸೆಪ್ಟೆಂಬರ್ 5ರಂದು ಕ್ಯಾಲಿಫೋರ್ನಿಯಾದ ಉದ್ಯಾನವೊಂದರಲ್ಲಿ ಒಂದು ಕುಟುಂಬ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಸಾರಲು ಹೊಗೆಯ ಸಾಧನವೊಂದನ್ನು ಹೊತ್ತಿಸಿತು. ಒಣಹುಲ್ಲಿಗೆ ಕಿಡಿ ತಾಗಿತು. ‘ಎಲ್ ಡೊರಾಡೊ’ ಎಂದು ಹೆಸರಾದ ಆ ಕಾಳ್ಗಿಚ್ಚು 22 ಸಾವಿರಕ್ಕೂ ಹೆಚ್ಚು ಎಕರೆ ಸುಟ್ಟಿತು. ಬೆಂಕಿ ನಂದಿಸಲು ಹೋದ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಸಂತೋಷದ ಸುದ್ದಿ ಹಂಚಲು ಬಂದವರು ಕೋರ್ಟ್ ಕಟಕಟೆ ಹತ್ತಬೇಕಾಯಿತು.

ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದಲ್ಲಿ ಮದುವೆಯ ಸುಗ್ಗಿಯೂ ಕಾಡು ಒಣಗುವ ಕಾಲವೂ ಒಂದೇ: ಮಾಘದಿಂದ ವೈಶಾಖದವರೆಗೆ. ಚಿಕ್ಕಮಗಳೂರಿನ ಗುಡ್ಡಗಳ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಫೋಟೊಗೆ ಚೆಂದ ಕಾಣುವುದೂ ಆಗಲೇ, ಒಂದು ಕಿಡಿಗೆ ಹೊತ್ತಿಕೊಳ್ಳುವುದೂ ಆಗಲೇ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಬೂದಿಯಾದದ್ದು ಇದೇ ಋತುವಿನಲ್ಲಿ. ಅಂಥ ಹುಲ್ಲಿನ ನಡುವೆ ಕಾದ ಕೊಳವೆಯನ್ನು ಎಸೆದು ಬರುವುದು ಕ್ಷಮಿಸುವಂಥ ಮರೆವಲ್ಲ.

ಸಭಾಂಗಣದ ಒಳಗೆ ಅಪಾಯ ಇನ್ನೂ ಹೆಚ್ಚು. ಇರಾಕಿನ ಕಾರಾಕೋಶ್ ಪಟ್ಟಣದಲ್ಲಿ 2023ರ ಸೆಪ್ಟೆಂಬರ್ 26ರ ರಾತ್ರಿ ಮದುವೆ ಹಾಲ್‌ನೊಳಗೆ ಹಚ್ಚಿದ ಬಾಣಬಿರುಸಿನ ಕಿಡಿ ಚಾವಣಿಯ ಅಲಂಕಾರಕ್ಕೆ ತಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಅದಾಗಿ ಹದಿನೈದು ದಿನ ಕಳೆಯುವ ಮೊದಲೇ, ಅಕ್ಟೋಬರ್ 7ರಂದು, ನಮ್ಮ ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹತ್ತಾರು ಕುಟುಂಬಗಳು ಬಡವಾದವು. ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ ಮದುವೆ, ಮೆರವಣಿಗೆಗಳಲ್ಲಿ ಪಟಾಕಿ ನಿಷೇಧಿಸುವುದಾಗಿ ಪ್ರಕಟಿಸಿದರು. ಸದ್ದು ಮಾಡುವುದಷ್ಟೇ ಪಟಾಕಿ ಎಂದುಕೊಂಡು ಹೊಗೆ ಕೊಳವೆಯನ್ನು ಅದರಿಂದ ಹೊರಗಿಡುವುದು ಸರಿಯಲ್ಲ. ಉರಿಯುವ ಮದ್ದು ಎರಡರಲ್ಲೂ ಇದೆ.

ಇಷ್ಟೆಲ್ಲ ಅಪಾಯ ಎದುರು ಹಾಕಿಕೊಂಡ ಮೇಲೂ ಫೋಟೊ ಚೆನ್ನಾಗಿ ಬರುತ್ತದೆಯೇ? ಮುಸ್ಸಂಜೆಯಲ್ಲಿ ಬಹುಪಾಲು ಬರುವುದಿಲ್ಲ. ಕಾರಣ ಸರಳ. ಸೂರ್ಯ ಮುಳುಗಿದ ಮೇಲೆ ಆಕಾಶದಿಂದ ಬರುವುದು ನೀಲಿ ಬೆಳಕು. ಕೆಂಪು ಹೊಗೆ ನೀಲಿಯನ್ನು ನುಂಗಿಬಿಡುತ್ತದೆ. ಹಾಗಾಗಿ ಹಗಲಲ್ಲಿ ಕೆಂಡದಂತೆ ಕಂಡ ಹೊಗೆ ಸಂಜೆಗೆ ಇಟ್ಟಿಗೆಗೂಡಿನ ಹೊಗೆಯಂತೆ ಮಂಕಾಗುತ್ತದೆ. ಗಾಬರಿಯಾದ ಫೋಟೊಗ್ರಾಫರ್ ಎದುರಿನಿಂದ ಫ್ಲ್ಯಾಶ್ ಹೊಡೆಯುತ್ತಾನೆ. ಆಗ ಎಲ್ಲವೂ ಕೆಡುತ್ತದೆ.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿದವರಿಗೆ ಈ ಸಂಗತಿ ಅನುಭವದಿಂದಲೇ ಗೊತ್ತು. ಮಂಜಿನಲ್ಲಿ ಹೈಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದಂತಾಗಿ ದಾರಿಯೇ ಕಾಣದು. ಅದೇ ಮಂಜಿನಲ್ಲಿ ಎದುರಿನಿಂದ ಬರುವ ಬಸ್ಸಿನ ದೀಪ ಮಾತ್ರ ದೊಡ್ಡ ಪ್ರಭಾವಳಿ ಕಟ್ಟಿಕೊಂಡು ಹೊಳೆಯುತ್ತದೆ. ಮಂಜಿನ, ಹೊಗೆಯ ಕಣಗಳು ಬೆಳಕನ್ನು ಹೆಚ್ಚಾಗಿ ಅದು ಹೊರಟ ದಿಕ್ಕಿನಲ್ಲೇ ಮುಂದಕ್ಕೆ ಚೆಲ್ಲುತ್ತವೆ. ಆದ್ದರಿಂದ ದೀಪ ಇರಬೇಕಾದದ್ದು ಜೋಡಿಯ ಹಿಂದೆ, ಕ್ಯಾಮೆರಾದ ಕಡೆಗೆ ಮುಖ ಮಾಡಿ. ಆಗ ಮಂಜು ತಾನೇ ಬೆಳಗುತ್ತದೆ, ವಧುವಿನ ಮುಡಿಯ ಮಲ್ಲಿಗೆಯ ಅಂಚು ಎದ್ದು ಕಾಣುತ್ತದೆ. ಗೋಧೂಳಿಯೂ ಮಾಡುವುದು ಇದನ್ನೇ: ಸೂರ್ಯ ಹಿಂದೆ, ಧೂಳು ನಡುವೆ, ನೋಡುವವರು ಮುಂದೆ.

ಈ ವಿದ್ಯೆಯ ದೊಡ್ಡ ಗುರು ಮೈಸೂರಿನವರೇ. 1923ರಲ್ಲಿ ಅಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ವಿ.ಕೆ. ಮೂರ್ತಿ ಗುರುದತ್ ಅವರ ಛಾಯಾಗ್ರಾಹಕರಾದರು. 1959ರ ‘ಕಾಗಜ್ ಕೇ ಫೂಲ್’ ಚಿತ್ರದ ಒಂದು ಹಾಡಿನಲ್ಲಿ ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಇಂದಿಗೂ ಸಿನಿಮಾ ವಿದ್ಯಾರ್ಥಿಗಳಿಗೆ ತೋರಿಸಿ ಪಾಠ ಮಾಡುತ್ತಾರೆ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಪಡೆದ ಬೆಳಕು ಅದು. ಚಿತ್ರ ಕಪ್ಪು-ಬಿಳುಪು, ಬಣ್ಣದ ಸುಳಿವೇ ಇಲ್ಲ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಕನ್ನಡಿ, ಬಿಸಿಲು, ತೇಲುವ ಕಣ ಇಷ್ಟರಲ್ಲೇ ಕಾವ್ಯ ಕಟ್ಟಿದವರ ನಾಡಿನಲ್ಲಿ ಮದುವೆ ಫೋಟೊಗ್ರಾಫರ್‌ಗಳು ಹೊಗೆ ಬಾಂಬ್ ಮೊರೆಹೋಗಬೇಕಿಲ್ಲ.

ಬದಲಿ ದಾರಿ ಕೈಗೆಟುಕುವಂಥದ್ದೇ. ನಾಟಕ ಕಂಪನಿ, ಆರ್ಕೆಸ್ಟ್ರಾದವರು ಬಳಸುವ ಫಾಗ್ ಮಷಿನ್ ಈಗ ಎಲ್ಲ ಊರಲ್ಲೂ ಬಾಡಿಗೆಗೆ ಸಿಗುತ್ತದೆ. ಅದರಲ್ಲಿ ಇರುವುದು ನೀರು ಮತ್ತು ಗ್ಲೈಕಾಲ್ ಅಥವಾ ಗ್ಲಿಸರಿನ್. ಬೆಂಕಿಯ ಸುದ್ದಿಯಿಲ್ಲ, ರೇಷ್ಮೆಗೆ ಬಣ್ಣದ ಕಲೆಯ ಭಯವಿಲ್ಲ. ಬಯಲಲ್ಲಿ ಒಯ್ಯಲು ಬ್ಯಾಟರಿಯ ಪುಟ್ಟ ಯಂತ್ರಗಳೂ ಬಂದಿವೆ. ಉಬ್ಬಸ ಇದ್ದವರು ಇದರಿಂದಲೂ ದೂರವಿರಬೇಕು, ಮುಚ್ಚಿದ ಕೋಣೆಯಲ್ಲಿ ಮಿತವಾಗಿ ಬಿಡಬೇಕು. ವೇದಿಕೆಯ ಮೇಲೆ ಮೋಡ ತೇಲಿಸಲು ಬಳಸುವ ಡ್ರೈ ಐಸ್ ವಿಷಯದಲ್ಲೂ ಎಚ್ಚರ ಬೇಕು. ಮೈನಸ್ 78 ಡಿಗ್ರಿಯ ಆ ಗಡ್ಡೆ ಬರಿಗೈಗೆ ತಾಗಿದರೆ ಚರ್ಮ ಸುಟ್ಟಂತಾಗುತ್ತದೆ. ಅದರಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲಿ, ಅಂದರೆ ಮಕ್ಕಳ ಮೂಗಿನ ಎತ್ತರದಲ್ಲಿ ನಿಲ್ಲುತ್ತದೆ.

ಬಿಳಿ ಮಂಜಿನ ಗುಣವೆಂದರೆ ಕೊಟ್ಟ ಬಣ್ಣವನ್ನು ಅದು ಹಾಗೇ ತೊಡುತ್ತದೆ. ಹಿಂದಿನ ಫ್ಲ್ಯಾಶ್‌ಗೆ ಕೇಸರಿ ಜೆಲ್ ಹಾಳೆ ಕಟ್ಟಿದರೆ ಕೇಸರಿ ಮೋಡ, ತೆಗೆದು ನೀಲಿ ಕಟ್ಟಿದರೆ ನೀಲಿ ಮೋಡ. ಎಡಕ್ಕೊಂದು ಬಲಕ್ಕೊಂದು ದೀಪ ಇಟ್ಟರೆ ಒಂದೇ ಚಿತ್ರದಲ್ಲಿ ಎರಡು ಬಣ್ಣ. ಇದಕ್ಕಿಂತ ಸರಳವಾದ ಕೌಶಲ ಇನ್ನೊಂದಿದೆ. ಮುಖಕ್ಕೆ ಬೀಳುವ ಫ್ಲ್ಯಾಶ್‌ಗೆ ಕಿತ್ತಳೆ ಜೆಲ್ ಹಚ್ಚಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅನ್ನು 3200 ಕೆಲ್ವಿನ್‌ಗೆ ಇಳಿಸುವುದು. ಮುಖದ ಬಣ್ಣ ಸಹಜವಾಗಿ ಉಳಿಯುತ್ತದೆ, ಹಿಂದಿನ ಸಂಜೆಯ ಆಕಾಶ ಮಾತ್ರ ಮಯೂರನೀಲಿಗೆ ಇಳಿಯುತ್ತದೆ. ಒಂದು ಜೆಲ್ ಹಾಳೆ ವರ್ಷಗಟ್ಟಲೆ ಬಾಳುತ್ತದೆ, ಹೊಗೆ ಕೊಳವೆ ಒಂದೇ ನಿಮಿಷ.

ಆದರೆ ಬಣ್ಣದ ದೀಪ ಸಿಕ್ಕಿತೆಂದು ಮುಖಕ್ಕೇ ಹಚ್ಚಬಾರದು. ಅರಿಸಿನ ಹಚ್ಚಿ ಮಿಂದ ಮೈಗೆ ಹಸಿರು ಬೆಳಕು ಬಿದ್ದರೆ ಜ್ವರ ಬಂದವರಂತೆ ಕಾಣುತ್ತದೆ. ರಿಸೆಪ್ಶನ್ ವೇದಿಕೆಗಳ ನೇರಳೆ ಎಲ್‌ಇಡಿ ಎಷ್ಟು ಮದುವೆಗಳ ಆಲ್ಬಂ ಕೆಡಿಸಿದೆಯೋ ಲೆಕ್ಕವಿಲ್ಲ. ಅದನ್ನು ಸರಿಪಡಿಸುವ ನೆಪದಲ್ಲಿ ವಧುವನ್ನು ಕಂಪ್ಯೂಟರಿನಲ್ಲಿ ಸುಣ್ಣದಷ್ಟು ಬೆಳ್ಳಗೆ ಮಾಡುತ್ತಾರೆ. ಕೊಡಾಕ್ ಕಂಪನಿ ದಶಕಗಳ ಕಾಲ ಬಿಳಿ ಮಹಿಳೆಯರ ಚಿತ್ರವಿದ್ದ ‘ಶರ್ಲಿ ಕಾರ್ಡ್’ ನೋಡಿ ಬಣ್ಣ ಹೊಂದಿಸುವ ಪದ್ಧತಿ ಬೆಳೆಸಿತ್ತು. ಕಪ್ಪು, ಕಂದು ಮೈಬಣ್ಣದವರಿಗೆ ಅದರಿಂದ ಆದ ಅನ್ಯಾಯ ಈಗ ಜಗತ್ತಿಗೇ ತಿಳಿದಿದೆ. ಫಿಲಂ ಹೋದರೂ ಆ ಕಣ್ಣು ನಮ್ಮಲ್ಲಿ ಉಳಿದುಬಿಟ್ಟಿದೆ. ಎಣ್ಣೆಗೆಂಪು ಮುಖಕ್ಕೆ ಪಕ್ಕದಿಂದ ಮೆದುವಾದ ಬೆಳಕು ಬಿದ್ದಾಗ ಕೆನ್ನೆ, ಮೂಗುತಿ, ಕಣ್ಣಂಚಿನ ಕಾಡಿಗೆ ಪಡೆಯುವ ಕಳೆಯನ್ನು ಯಾವ ಬಿಳಿಮಾಡುವ ತಂತ್ರವೂ ಕೊಡಲಾರದು. ಆರತಿ ತಟ್ಟೆಯ ದೀಪವೇ ಸಾಕ್ಷಿ. ಅದು ಕೆಳಗಿನಿಂದ, ಹತ್ತಿರದಿಂದ, ಬೆಚ್ಚಗೆ ಬೆಳಗುತ್ತದೆ. ಆ ಕ್ಷಣದ ಮುಖವನ್ನು ಫ್ಲ್ಯಾಶ್ ಹೊಡೆದು ಕೆಡಿಸದಿದ್ದರೆ ಸಾಕು.

ಹಾಗಾದರೆ ನಿಜವಾದ ಕೊರತೆ ಯಾವುದು? ಹೊಗೆಯದ್ದಲ್ಲ, ಹೊತ್ತಿನದು. ಸೂರ್ಯ ಮುಳುಗಿ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವವರೆಗಿನ ಮುಸ್ಸಂಜೆ ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಮುಕ್ಕಾಲು ಗಂಟೆ ಇರುತ್ತದೆ. ಬೆಂಗಳೂರಿನಲ್ಲಿ ಸೂರ್ಯ ಬಹುತೇಕ ನೆಟ್ಟಗೆ ಇಳಿಯುವುದರಿಂದ ಇಪ್ಪತ್ತೆರಡು, ಇಪ್ಪತ್ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ. ಹೊರದೇಶದ ವಿಡಿಯೊ ನೋಡಿ ಕಲಿತವರು ಇಲ್ಲಿ ಎಡವುವುದು ಇದಕ್ಕೇ. ಅವರು ಸ್ಟ್ಯಾಂಡ್ ನಿಲ್ಲಿಸುವಷ್ಟರಲ್ಲಿ ಕತ್ತಲಾಗಿರುತ್ತದೆ, ಕತ್ತಲನ್ನು ಮುಚ್ಚಲು ಹೊಗೆ ಬೇಕಾಗುತ್ತದೆ.

ಮನೆಯವರ ಪಾಲೂ ಇದರಲ್ಲಿದೆ. ಫೆಬ್ರುವರಿಯಲ್ಲಿ ಬೆಂಗಳೂರಿನ ಸೂರ್ಯ ಸುಮಾರು ಆರೂವರೆಗೆ ಮುಳುಗುತ್ತಾನೆ. ಲಗ್ನಪತ್ರಿಕೆಯಲ್ಲಿ ‘ಆರತಕ್ಷತೆ ಸಂಜೆ 6.30ಕ್ಕೆ’ ಎಂದು ಅಚ್ಚಾಗಿರುತ್ತದೆ. ಅಂದರೆ ಆಕಾಶ ಅತಿ ಸುಂದರವಾಗಿರುವ ಆ ಇಪ್ಪತ್ತು ನಿಮಿಷ ಜೋಡಿ ಕಿಟಕಿಯಿಲ್ಲದ ಹಾಲ್‌ನಲ್ಲಿ ಸಾಲಾಗಿ ಬರುವವರ ಕೈಕುಲುಕುತ್ತ ನಿಂತಿರುತ್ತದೆ. ಫೋಟೊಗ್ರಾಫರ್‌ಗೆ ಅವರು ಸಿಗುವುದು ರಾತ್ರಿ ಹನ್ನೊಂದಕ್ಕೆ, ಕಾಲು ನೋವಿನಿಂದ ಕುಸಿಯುವ ಹೊತ್ತಿಗೆ. ಆಗ ಅವನೂ ಪಾಪ, ಹೊಗೆ ಹಚ್ಚುವುದಲ್ಲದೆ ಇನ್ನೇನು ಮಾಡಿಯಾನು?

ಕಲ್ಯಾಣ ಮಂಟಪ ಬುಕ್ ಮಾಡುವಾಗ ಕೊಡುವ ಹಾಳೆಯಲ್ಲಿ ಪಾತ್ರೆ, ಜನರೇಟರ್, ಕಸ ಗುಡಿಸುವ ಖರ್ಚಿನವರೆಗೆ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಉರಿಯುವ ಹೊಗೆ, ಬಣ್ಣದ ಬಾಂಬ್ ಆವರಣದಲ್ಲಿ ಹಚ್ಚುವಂತಿಲ್ಲ ಎಂಬ ಸಾಲೊಂದು ಅಲ್ಲಿ ಸೇರಲಿ, ಅದನ್ನು ಜಾರಿ ಮಾಡುವ ಹೊಣೆ ಮಂಟಪದ ಮ್ಯಾನೇಜರ್‌ಗೆ ಇರಲಿ. ಫೋಟೊಗ್ರಾಫರ್‌ಗಳ ಸಂಘಗಳು ಹೊಸಬರಿಗೆ ಕ್ಯಾಮೆರಾ ಮಾರುವ ಕಂಪನಿಗಳ ಪ್ರದರ್ಶನದ ಜೊತೆಗೆ ಬೆಳಕಿನ ಕಮ್ಮಟವನ್ನೂ ನಡೆಸಲಿ. ಮನೆಯವರು ಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಪಂಚಾಂಗದಲ್ಲಿ ಮುಹೂರ್ತದ ಜೊತೆ ಸೂರ್ಯಾಸ್ತದ ಸಮಯವನ್ನೂ ನೋಡಿ, ಆರತಕ್ಷತೆಯನ್ನು 7.15ಕ್ಕೆ ಇಡಲಿ. ನೆಂಟರು ಮಜ್ಜಿಗೆ, ಕೋಸಂಬರಿ ಸವಿಯುತ್ತ ಕೂತಿರುವಾಗ ವಧೂವರರು ಮಂಟಪದ ಹಿಂದಿನ ತೆಂಗಿನ ತೋಟಕ್ಕೆ ಹೋಗಿ ಬರಬಹುದು. ಅಡುಗೆಮನೆಯ ಒಲೆಯ ಹೊಗೆ ಮರಗಳ ನಡುವೆ ತೆಳ್ಳಗೆ ಹರಡಿರುತ್ತದೆ, ಪಡುವಣದಲ್ಲಿ ಇನ್ನೂ ಸ್ವಲ್ಪ ಕೆಂಪು ಉಳಿದಿರುತ್ತದೆ.