ಮಗುವಿನ ಕೈಗೆ ಗಾಳ ಕೊಡಿ

ಈಚೆಗೆ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಒಂದು ನಿರ್ಣಯ ಮಂಡನೆಯಾಯಿತು. ಭಾನುವಾರದ ಬೆಳಗ್ಗೆ ಕೆಲವು ಪೋಲಿ ಹುಡುಗರು ಬಿದಿರುಕೋಲು ಹಿಡಿದು ಬಂದು ಕೆರೆಯ ಏರಿಯ ಮೇಲೆ ಕುಳಿತು ಮೀನಿಗೆ ಗಾಳ ಹಾಕುತ್ತಾರೆ. ಇದರಿಂದ ವಾಯುವಿಹಾರಕ್ಕೆ ಬರುವ ಸಭ್ಯರಿಗೆ ಮುಜುಗರವಾಗುತ್ತದೆ. ಕೆರೆಯ ಅಂದ ಕೆಡುತ್ತದೆ. ನೋಡಿದ ಎಳೆಯ ಮಕ್ಕಳು ಹಿಂಸೆಯನ್ನು ಕಲಿಯುತ್ತಾರೆ. ಆದಕಾರಣ ಕಾವಲುಗಾರನಿಗೆ ಹೇಳಿ ಅವರನ್ನು ಓಡಿಸತಕ್ಕದ್ದು. ಇದು ನಿರ್ಣಯದ ಸಾರಾಂಶ. ಕೈಗಳು ಮೇಲೆದ್ದುವು. ನನ್ನ ಕೈ ಏಳಲಿಲ್ಲ. "ಏನ್ ಮೇಷ್ಟ್ರೇ, ನೀವು ಮೀನು ತಿನ್ನೋರಲ್ಲವಲ್ಲ?" ಎಂದು ಒಬ್ಬರು ನಕ್ಕರು. ಬಾಗಿಲಲ್ಲಿ ನಿಂತು ಉತ್ತರ ಕೊಡುವ ಪ್ರಶ್ನೆ ಅದಲ್ಲ. ಇಲ್ಲಿ ಕೊಡುತ್ತೇನೆ.

ಮೊದಲು ನನ್ನ ವಿಷಯ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಮೀನು ಬೇಯುವುದಿಲ್ಲ. ನನ್ನ ಅಜ್ಜನ ಕಾಲದಲ್ಲೂ ಬೇಯುತ್ತಿರಲಿಲ್ಲ. ನಾಳೆ ಬೇಯುವ ಸೂಚನೆಯೂ ಇಲ್ಲ. ಆದುದರಿಂದ ನಾನು ನಾಲಗೆಯ ಪರವಾಗಿ ವಾದಿಸುತ್ತಿದ್ದೇನೆಂದು ಯಾರೂ ಭಾವಿಸಬೇಕಾಗಿಲ್ಲ. ನನ್ನ ಅಭಿಪ್ರಾಯ ಇಷ್ಟೆ: ಓಡಿಸಬೇಕಾದುದು ಆ ಹುಡುಗರನ್ನಲ್ಲ. ಕೈಯೆತ್ತಿದ ಮಹನೀಯರೇ ತಮ್ಮ ಮಕ್ಕಳನ್ನೋ ಮೊಮ್ಮಕ್ಕಳನ್ನೋ ಕರೆದುಕೊಂಡು ಹೋಗಿ, ಆ ಹುಡುಗರ ಪಕ್ಕದಲ್ಲಿ ಅವರಿಗೂ ಒಂದಿಷ್ಟು ಜಾಗ ಬೇಡಬೇಕು. ಐದಾರು ವರ್ಷದ ಮಗುವಿಗೆ ಕೆರೆಯ ಪರಿಚಯ ಮಾಡಿಸುವುದಕ್ಕೆ ಗಾಳಕ್ಕಿಂತ ಒಳ್ಳೆಯ ಉಪಾಧ್ಯಾಯನಿಲ್ಲ. ಗಾಳ ಹಾಕುವ ಮಕ್ಕಳಿಲ್ಲದ ಕೆರೆಗೆ ಊರಿನಲ್ಲಿ ದಿಕ್ಕೂ ಇಲ್ಲ.

ಈ 'ಪೋಲಿ' ಹುಡುಗರು ಯಾರು? ಗಾರೆ ಕೆಲಸದವರ, ಸೊಪ್ಪು ಮಾರುವವರ, ಆಟೋ ಓಡಿಸುವವರ ಮಕ್ಕಳು. ದಂಡಿನ ಕಡೆಯ ಮಕ್ಕಳಲ್ಲವೆ, ಬಾಯಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಕಲಸಿಕೊಂಡು ಬರುತ್ತವೆ. ಇದೇ ಕೆಲಸವನ್ನು ದೊಡ್ಡವರು ಮಾಡಿದಾಗ ಅದಕ್ಕೆ ಬೇರೆ ಹೆಸರು. ಇಂಗ್ಲೆಂಡಿನ ಐಸಾಕ್ ವಾಲ್ಟನ್ 1653ರಲ್ಲಿ ಗಾಳದ ವಿಷಯವಾಗಿ ಪ್ರಕಟಿಸಿದ ಪುಸ್ತಕವನ್ನು ನಮ್ಮ ಇಂಗ್ಲಿಷ್ ಮೇಷ್ಟರುಗಳು ಗದ್ಯಸಾಹಿತ್ಯದ ರತ್ನವೆನ್ನುತ್ತಾರೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ದಪ್ಪ ಪುಸ್ತಕವನ್ನೇ ಹೊರತಂದ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿ ಹೊಳೆಯಲ್ಲಿ ಸುಮಾರು 120 ಪೌಂಡು ತೂಗುವ ಮಹಶೀರ್ ಮೀನನ್ನು ಗಾಳದಿಂದ ಎಳೆದಾಗ ಅದು ದಾಖಲೆ. ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಮಲೆನಾಡಿನ ನೀರಿನ ಬದಿಯಲ್ಲಿ ಗಾಳ ಹಿಡಿದು ಕುಳಿತರೆ ಅದು ಪ್ರಕೃತಿಯ ಅಧ್ಯಯನ. ಹಲಸೂರಿನ ಹುಡುಗ ಕುಳಿತರೆ ಮಾತ್ರ ಪೋಲಿತನ! ಗಾಳ ಒಂದೇ, ಹಿಡಿದ ಕೈ ಬೇರೆ.

ಇನ್ನು ಅಹಿಂಸೆಯ ಪ್ರಶ್ನೆ. ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ಬೈರನ್ ಕವಿ ತನ್ನ ಕಾವ್ಯದಲ್ಲೇ ವಾಲ್ಟನ್ನನನ್ನು ಕ್ರೂರಿಯೆಂದು ಹಂಗಿಸಿದ್ದಾನೆ. ಮೀನಿಗೆ ನೋವು ತಿಳಿಯದೆಂದು ಹಿಂದೆ ಸಮಾಧಾನ ಹೇಳಿಕೊಳ್ಳುತ್ತಿದ್ದರು. 2003ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವನ್ನು ಗ್ರಹಿಸುವ ನರಗಳಿವೆಯೆಂದು ತೋರಿಸಿದ ಮೇಲೆ ಆ ಸಮಾಧಾನಕ್ಕೂ ಎಡೆಯಿಲ್ಲ. ಗಾಳ ನೋಯಿಸುತ್ತದೆ, ಒಪ್ಪಿದೆ. ಆದರೆ ಲೆಕ್ಕ ಹಾಕುವುದಾದರೆ ಪೂರ್ತಿ ಹಾಕೋಣ. 2016ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹಲಸೂರು ಕೆರೆಯ ಮೇಲೆ ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲಿದುವು. ಯಾವ ಹುಡುಗನೂ ಅಲ್ಲಿ ಗಾಳ ಹಾಕಿರಲಿಲ್ಲ. ಕೆರೆಗೆ ಕೊಳಚೆ ಸೇರಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರುತ್ತವೆ. ಹಗಲಲ್ಲಿ ಅದನ್ನು ಕೊಡುವ ಪಾಚಿಯೂ ರಾತ್ರಿಯಾದರೆ ತಾನೇ ಹೀರುತ್ತದೆ. ಬೇಸಗೆಯ ಬೆಚ್ಚನೆಯ ನೀರು ಅದನ್ನು ಹಿಡಿದಿಡುವುದೇ ಕಡಮೆ. ಬೆಳಗಿನ ಜಾವದ ಹೊತ್ತಿಗೆ ಮೀನಿಗೆ ಉಸಿರಿಲ್ಲ. ಬೆಳ್ಳಂದೂರು ಕೆರೆಯ ಕಥೆಯಂತೂ ಜಗತ್ತಿಗೇ ಗೊತ್ತು: 2015, 2017, 2018ರಲ್ಲಿ ಅಲ್ಲಿ ಬೆಂಕಿಯೇ ಎದ್ದಿತು. ಆ ಕೊಳಚೆ ಹರಿದುಬಂದುದು ಸಸ್ಯಾಹಾರಿಯ ಬಚ್ಚಲಿನಿಂದಲೂ ಹೌದು, ಮಾಂಸಾಹಾರಿಯ ಬಚ್ಚಲಿನಿಂದಲೂ ಹೌದು. ಒಂದು ಮೀನಿನ ತುಟಿಗೆ ಚುಚ್ಚಿದ ಕೊಕ್ಕೆಯನ್ನು ಕಂಡು ಮರುಗಿ, ಒಂದು ಕೆರೆಯಷ್ಟು ಮೀನಿನ ಉಸಿರು ಕಟ್ಟಿಸುವುದಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ಬಕಧ್ಯಾನ.

ಕೆರೆ ಸಾಯುವ ಮೊದಲು ಸೂಚನೆ ಕೊಡುತ್ತದೆ. ಉಸಿರು ಸಾಲದ ಮೀನುಗಳು ನಸುಕಿನಲ್ಲಿ ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಗುಟುಕರಿಸುತ್ತವೆ. ಹೆಜ್ಜೆಗಳನ್ನು ಎಣಿಸುತ್ತ ನಡೆಯುವ ವಾಯುವಿಹಾರಿಗಳಿಗೆ ಅದು ಕಾಣುವುದಿಲ್ಲ. ಕಂಡರೂ 'ಆಹಾ, ಮೀನು ಆಡುತ್ತಿವೆ' ಎಂದು ಮುಂದೆ ಹೋಗುತ್ತಾರೆ. ಬೆಂಡಿನ ಮೇಲೆ ಕಣ್ಣಿಟ್ಟು ಒಂದು ಗಂಟೆ ಕೂರುವ ಹುಡುಗನಿಗೆ ಅದು ಆಟವಲ್ಲವೆಂದು ಗೊತ್ತು. ಕಾವೇರಿ ದಂಡೆಯ ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ತಾವು ಹಿಡಿದು ಮರಳಿ ಬಿಟ್ಟ ಮೀನುಗಳ ಲೆಕ್ಕವನ್ನು ಬರೆದಿಟ್ಟಿದ್ದರು. ಕಾವೇರಿಯ ಸೀಮೆಯಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಬೆನ್ನುಬ್ಬಿದ ಮಹಶೀರ್ ಮೀನು ಅಳಿವಿನ ಅಂಚಿಗೆ ಬಂದಿರುವುದನ್ನು ವಿಜ್ಞಾನಿಗಳು ಎತ್ತಿ ತೋರಿಸಿದ್ದು ಆ ಲೆಕ್ಕಪುಸ್ತಕಗಳನ್ನು ಮುಂದಿಟ್ಟುಕೊಂಡು. 2018ರಲ್ಲಿ ಅದರ ಹೆಸರು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ನಮ್ಮ ನಲ್ಲಿಯಲ್ಲಿ ಬರುವ ನೀರು ಅದೇ ನದಿಯದು. ಆ ನೀರನ್ನು ಕುಡಿಯುವ ನಾವು ಲಕ್ಷ ಲಕ್ಷ ಜನ. ಅದರಲ್ಲಿ ಏನಾಗುತ್ತಿದೆಯೆಂದು ಬರೆದಿಟ್ಟವರು ಕೆಲವೇ ಮಂದಿ ಗಾಳಗಾರರು.

ಆದರೆ ಮಗುವನ್ನು ಮೊದಲ ಸಲ ಕರೆದುಕೊಂಡು ಹೋಗುವುದಕ್ಕೂ ಒಂದು ಕ್ರಮವಿದೆ. ವಾರಾಂತ್ಯದ ರೆಸಾರ್ಟಿನ ಸಿಮೆಂಟು ತೊಟ್ಟಿಯಲ್ಲಿ ಹಸಿದ ಮೀನುಗಳನ್ನು ತುಂಬಿಟ್ಟು, ಹಣ ಕೊಟ್ಟವರಿಗೆ ಐದು ನಿಮಿಷದಲ್ಲಿ ಮೀನು ಸಿಕ್ಕಿಸುವುದು ಆ ಕ್ರಮವಲ್ಲ. ಸಾವಿರಾರು ರೂಪಾಯಿಯ ಕೋಲು ತಂದು ಕೊನೆಗೆ ಅಪ್ಪನೇ ಹಿಡಿದುಕೊಂಡು, ಮಗುವನ್ನು ಫೋಟೋಕ್ಕೆ ಮಾತ್ರ ನಿಲ್ಲಿಸುವುದೂ ಅಲ್ಲ. ಕೃಷ್ಣರಾಜಪುರ, ಹೊಸಕೋಟೆ ದಾಟಿದ ಮೇಲೆ ಸಿಗುವ ಒಂದು ಹಳ್ಳಿಯ ಕೆರೆಗೆ, ಅಲ್ಲಿಯ ಮೀನಿನ ಗುತ್ತಿಗೆದಾರರ ಅಪ್ಪಣೆ ಕೇಳಿಕೊಂಡು, ನನ್ನ ಆರು ವರ್ಷದ ಮಗಳನ್ನು ಕರೆದೊಯ್ದಿದ್ದೆ. ಜತೆಗೆ ಪಕ್ಕದ ಮನೆಯವರೂ ಅವರ ಮಗನೂ ಬಂದಿದ್ದರು. ಒಂದು ಬಿದಿರುಕೋಲು, ಅಷ್ಟೇ ಉದ್ದದ ದಾರ, ಸಣ್ಣ ಕೊಕ್ಕೆ, ಜೋಳದ ದಂಟಿನ ಬೆಂಡು, ಕಲಸಿದ ಹಿಟ್ಟು. ಸರಂಜಾಮು ಅಷ್ಟೆ. ಕೊಕ್ಕೆಯ ಒಳಮುಳ್ಳನ್ನು ನೆರೆಯವರು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರು: ಮೀನಿನ ಬಾಯಿಂದಲೂ, ಆಕಸ್ಮಾತ್ ಸಿಕ್ಕಿಕೊಂಡರೆ ಮಗುವಿನ ಬೆರಳಿನಿಂದಲೂ, ಅದು ನೋಯಿಸದೆ ಬರುತ್ತದೆ. ಮಕ್ಕಳಿಗೆ ಬೇಸರ ಬಂದ ಕೂಡಲೇ ಏಳಬೇಕು, ಒತ್ತಾಯ ಕೂಡದು ಎಂಬುದು ಅವರ ಇನ್ನೊಂದು ನಿಯಮ.

ಮುಕ್ಕಾಲು ಗಂಟೆಯ ಮೇಲೆ ಒಂದು ಜಿಲೇಬಿ ಮೀನು ಬಿತ್ತು. ನಾನು ಅಂದುಕೊಂಡಂತೆ ಮಗಳು ಕುಣಿಯಲಿಲ್ಲ, ಹಿಂದಕ್ಕೆ ಸರಿದಳು. ಅದು ಒದ್ದಾಡುತ್ತಿತ್ತು. "ಈಗ ಇದನ್ನ ಏನ್ ಮಾಡೋದು ಅಪ್ಪ?" ಎಂದಳು. ನೀತಿಪಾಠದ ಯಾವ ಪುಸ್ತಕವೂ ಮಗುವಿನ ಬಾಯಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಇಡಲಾರದು. ನೆರೆಯವರು ಅವಳಿಗೆ ಸುಳ್ಳು ಹೇಳಲಿಲ್ಲ. "ತಿನ್ನೋದಾದ್ರೆ ತಕ್ಷಣ ಕೊಲ್ಲಬೇಕು ಪುಟ್ಟಿ, ಒದ್ದಾಡಿಸಬಾರದು. ತಿನ್ನದಿದ್ರೆ ಕೈ ಒದ್ದೆ ಮಾಡ್ಕೊಂಡು ಹಿಡಿದು ಈಗಲೇ ಬಿಡಬೇಕು" ಎಂದರು. ಆ ಮೀನನ್ನು ಅವರು ಒಂದೇ ಏಟಿಗೆ ಕೊಂದರು. ಎರಡನೆಯದು ಬೆರಳುದ್ದದ್ದು, ಅದನ್ನು ಮಕ್ಕಳಿಂದಲೇ ಬಿಡಿಸಿದರು. ಜಿಲೇಬಿ ಮೀನಿನ ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಪಾಯ ಕಂಡರೆ ಮರಿಗಳು ಮತ್ತೆ ಅಮ್ಮನ ಬಾಯೊಳಗೆ ನುಗ್ಗುತ್ತವೆ ಎಂದೂ ಹೇಳಿದರು. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಐಸಿನ ಮೇಲೆ ಮಲಗಿರುವ ಮೀನನ್ನು ನೋಡಿದ ಮಗುವಿಗೆ ಇದಾವುದೂ ತಿಳಿಯುವುದಿಲ್ಲ. ಹಿಂಸೆ ಎಂದರೇನು, ದಯೆ ಎಂದರೇನು ಎಂಬುದು ಜೀವ ಕೈಯಲ್ಲಿದ್ದಾಗ ಗೊತ್ತಾಗುತ್ತದೆ. ಮನುವಿನ ಬೊಗಸೆಗೆ ಬಂದ ಮರಿಮೀನಿನ ಕಥೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಪ್ರಳಯದಿಂದ ಲೋಕ ಉಳಿಯುವ ಕಥೆ ಅಲ್ಲಿ ಆರಂಭವಾಗುವುದು ಒಂದು ಮೀನು ಮನುಷ್ಯನ ಕೈಗೆ ಬಂದುದರಿಂದ.

ಕನ್ನಡ ಮೇಷ್ಟರಾಗಿ ನನಗೆ ಇನ್ನೊಂದು ಸಂಕಟವಿದೆ. ತರಗತಿಯಲ್ಲಿ ಹತ್ತು ಮೀನುಗಳ ಹೆಸರು ಬರೆಯಿರೆಂದರೆ ನನ್ನ ವಿದ್ಯಾರ್ಥಿಗಳು ಕಟ್ಲಾ, ರೋಹು, ಗೋಲ್ಡ್ ಫಿಶ್ ಎಂದು ಬರೆದು ಲೇಖನಿ ಕಚ್ಚುತ್ತಾರೆ. ಕಟ್ಲಾ, ರೋಹು ಗಂಗೆಯ ಕಡೆಯ ಮೀನುಗಳು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಕಟಕದಲ್ಲಿ ಇಂಥ ಗೆಂಡೆಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸಿದ ಮೇಲೆ ಅವು ದೇಶದ ಕೆರೆಗಳಿಗೆಲ್ಲ ಹಬ್ಬಿದುವು. ಒಳ್ಳೆಯದೇ. ಆದರೆ ನಮ್ಮ ಹಳ್ಳಿಗಳ ಪಕ್ಕೆ, ಸಸಲು, ಹಾವುಮೀನು, ಮರಿಗಳ ಹಿಂಡನ್ನು ಕಾಯುತ್ತ ಜತೆಯಲ್ಲೇ ಸುತ್ತುವ ಕೊರಮೀನು ಎಲ್ಲಿ ಹೋದುವು? ಮೀನು ಎಂಬ ಮಾತನ್ನು ಸಂಸ್ಕೃತವೇ ನಮ್ಮ ಕಡೆಯಿಂದ ಎರವಲು ಪಡೆಯಿತೆಂದು ಪಂಡಿತರು ಹೇಳುತ್ತಾರೆ. ಮಾತು ಕೊಟ್ಟವರ ಮಕ್ಕಳಿಗೆ ಮೀನಿನ ಹೆಸರು ಬಾರದು! ಈ ಹೆಸರುಗಳು ನಿಘಂಟಿನಿಂದ ಬರುವುವಲ್ಲ. ದಂಡೆಯ ಮೇಲೆ ಕುಳಿತ ದೊಡ್ಡ ಹುಡುಗ ಚಿಕ್ಕ ಹುಡುಗನಿಗೆ ಹೇಳಿದರೆ ಉಳಿಯುತ್ತವೆ. ಕಾವಲುಗಾರ ಇಬ್ಬರನ್ನೂ ಓಡಿಸಿದರೆ ಅಳಿಯುತ್ತವೆ.

'ಮಕ್ಕಳು ನೀರಿಗೆ ಬಿದ್ದರೆ?' ಎನ್ನುವವರ ಭಯ ಸುಳ್ಳಲ್ಲ. ಹೆತ್ತವರೊಬ್ಬರು ತೋಳಳತೆಯಲ್ಲಿ ಇಲ್ಲದೆ ಎಳೆಯ ಮಗು ನೀರಿನ ಹತ್ತಿರ ಹೋಗಲೇಕೂಡದು. ಮಳೆ ಹೊಯ್ದು ದಂಡೆ ಜಾರುವಾಗ ಯಾರೂ ಕೂಡದು. ಆದರೆ ದಂಡೆಯನ್ನು ಅಪಾಯಕರ ಮಾಡಿದವರು ಯಾರೆಂಬುದನ್ನೂ ಕೇಳಬೇಕಷ್ಟೆ? ಹಳೆಯ ಕೆರೆಗೆ ಒಂದು ಕಡೆ ಏರಿ, ಮಿಕ್ಕ ಕಡೆ ಅಂಗಳ. ಅಂಗಳದಲ್ಲಿ ನೀರು ಪಾದಕ್ಕೆ, ಮೊಣಕಾಲಿಗೆ ಎಂದು ಮೆಲ್ಲಮೆಲ್ಲನೆ ಬರುತ್ತಿತ್ತು; ಜೊಂಡು ಬೆಳೆಯುತ್ತಿತ್ತು; ಮೀನು ಮೊಟ್ಟೆಯಿಡುತ್ತಿತ್ತು. 'ಅಭಿವೃದ್ಧಿ'ಯ ಹೆಸರಿನಲ್ಲಿ ಎಷ್ಟೋ ಕೆರೆಗಳನ್ನು ಸುತ್ತಲೂ ಬಾಣಲೆಯಂತೆ ಕಡಿದು ಕಲ್ಲು ಕಟ್ಟಿದ್ದಾಯಿತು. ಅಲ್ಲಿ ಕಾಲು ಜಾರಿದರೆ ನೇರವಾಗಿ ಆಳಕ್ಕೆ. ಅಂಗಳವನ್ನು ಕಿತ್ತುಕೊಂಡು ಬೇಲಿ ಹಾಕಿ, ಮಕ್ಕಳ ಹಿತಕ್ಕಾಗಿ ಹಾಕಿದೆವೆಂದು ಹೇಳುವುದು ನ್ಯಾಯವಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಸಕೋಟೆ ಆಚೆಯ ಆ ಕೆರೆಯಿಂದ ಮರಳುವಾಗ ನನ್ನ ಮಗಳು ಕೇಳಿದಳು: "ನಮ್ಮ ಮನೆ ಹತ್ರಾನೇ ಕೆರೆ ಇದೆಯಲ್ಲ ಅಪ್ಪ, ಇಷ್ಟು ದೂರ ಯಾಕೆ ಬಂದ್ವಿ?" ನೆರೆಯವರು ನನ್ನ ಮುಖ ನೋಡಿದರು. "ಅಲ್ಲಿ ಮೀನು ಮನೆಗೆ ತರೋಕೆ ಧೈರ್ಯ ಬರಲ್ಲ ಪುಟ್ಟಿ" ಎಂದರು. ಅವರಿಗೆ ದೂರ ಹೋಗಲು ಕಾರಿದೆ. ಆ ಬಿದಿರುಕೋಲಿನ ಹುಡುಗರಿಗೆ ಇಲ್ಲ. ಅವರು ನಮ್ಮ ಕೆರೆಯ ಮೀನನ್ನೇ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ, ಅಮ್ಮ ಸಾರು ಮಾಡುತ್ತಾಳೆ, ಎಲ್ಲರೂ ಉಣ್ಣುತ್ತಾರೆ. ಆ ಮೀನಿನಲ್ಲಿ ಏನು ಸೇರಿದೆಯೆಂದು ಅವರಿಗೆ ಯಾರೂ ಹೇಳಿಲ್ಲ. ಸಂಘಕ್ಕೆ ಅವರ ಗಾಳ ಕಂಡಿತು. ಅವರ ಊಟದ ತಟ್ಟೆ ಕಾಣಲಿಲ್ಲ. ನಮ್ಮ ಮಕ್ಕಳೂ ಅವರ ಪಕ್ಕದಲ್ಲಿ ಕೂರಲಿ ಎಂದು ನಾನು ಹೇಳುವುದು ಇದಕ್ಕಾಗಿಯೇ. ನಮ್ಮ ಮಗು ಹಿಡಿದ ಮೀನನ್ನು ತಿನ್ನಬಹುದೇ ಎಂಬ ಪ್ರಶ್ನೆ ಎದ್ದ ದಿನ ದೂರುಗಳು ಬರೆಯಲ್ಪಡುತ್ತವೆ, ಫೋನುಗಳು ಗುಣುಗುಣಿಸುತ್ತವೆ, ಅಧಿಕಾರಿಗಳು ಓಡಿ ಬರುತ್ತಾರೆ.

ಹಾಗಾದರೆ ಏನು ಮಾಡಬೇಕು? ಮೂರೇ ಕೆಲಸ. ಹಲಸೂರಿನಿಂದ ಕೃಷ್ಣರಾಜಪುರದವರೆಗೆ ಪ್ರತಿಯೊಂದು ಕೆರೆಯಲ್ಲೂ ಇಳಿಜಾರು ದಂಡೆಯ ಒಂದು ತುಂಡನ್ನು, ಭಾನುವಾರದ ಬೆಳಗ್ಗೆ, ದೊಡ್ಡವರೊಡನೆ ಬರುವ ಮಕ್ಕಳ ಗಾಳಕ್ಕಾಗಿ ಬಿಟ್ಟುಕೊಡಬೇಕು. ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುವಾಗ ಇದನ್ನೊಂದು ಷರತ್ತಾಗಿ ಸೇರಿಸಬೇಕು. ಆಗ ಗುತ್ತಿಗೆದಾರರ ತಕರಾರಿಗೂ ಕಾರಣವಿರದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: 'ಮೀನು ಹಿಡಿಯಬಾರದು' ಎಂಬ ಬೋರ್ಡು ಇರುವ ಕಡೆ ಅದನ್ನು ಕಿತ್ತು, ಈ ಕೆರೆಯ ಮೀನನ್ನು ಪರೀಕ್ಷಿಸಿದ ತಾರೀಖು ಯಾವುದು, ಅದು ತಿನ್ನಲು ಯೋಗ್ಯವೇ ಅಲ್ಲವೇ ಎಂಬುದನ್ನು ಎಲ್ಲರೂ ಓದುವಂಥ ಕನ್ನಡದಲ್ಲಿ ಬರೆದು ನಿಲ್ಲಿಸಬೇಕು. ಯೋಗ್ಯವಲ್ಲವಾದರೆ ಏಕಲ್ಲ, ಎಂದಿಗೆ ಆದೀತು ಎಂಬುದನ್ನೂ ಅಲ್ಲೇ ಬರೆಯಬೇಕು.

ಪರಿಸರ ದಿನ ಬಂದರೆ ನಮ್ಮ ಶಾಲೆಗಳು ಮಕ್ಕಳ ಕೈಗೆ 'ಕೆರೆ ಉಳಿಸಿ' ಎಂಬ ಫಲಕ ಕೊಟ್ಟು ಬೀದಿಯಲ್ಲಿ ನಡೆಸುತ್ತವೆ. ಆ ಮಕ್ಕಳಲ್ಲಿ ಕೆರೆಯ ನೀರಿಗೆ ಬೆರಳದ್ದಿದವರು ಎಷ್ಟು ಮಂದಿ? ಫಲಕ ಹಿಡಿದ ಮಗು ನಾವು ಬರೆದುಕೊಟ್ಟದ್ದನ್ನು ಕೂಗುತ್ತದೆ, ಸಂಜೆಗೆ ಮರೆಯುತ್ತದೆ. ಒಂದು ಮೀನಿಗಾಗಿ ಒಂದು ಬೆಳಗ್ಗೆ ಕಾದು ಕುಳಿತ ಮಗು, ನೀರು ನಾತ ಹೊಡೆದ ದಿನ ಮನೆಗೆ ಬಂದು ನಮ್ಮನ್ನೇ ಕೇಳುತ್ತದೆ. ಹಾಗೆ ಕೇಳುವ ಮಕ್ಕಳು ಮನೆಮನೆಯಲ್ಲೂ ಆಗಲಿ. ಕೆರೆಗೆ ಅದಕ್ಕಿಂತ ಒಳ್ಳೆಯ ಕಾವಲು ಇಲ್ಲ.